ನಿಮಗಿದು ಗೊತ್ತೇ? ಬೆಂಗಳೂರಿಗೆ ಹೋದಾಗ ಎಲ್ಲಿ ತಿನ್ನಬೇಕು, ಬೆಂಗಳೂರಿನವರು ಬಂದಾಗ ಎಲ್ಲಿ ಉಣ್ಣಿಸಬೇಕು

ಆಸ್ಪತ್ರೆ, ಕಾಲೇಜು ಸೀಟು, ಮದುವೆ ಜವಳಿ, ಕೋರ್ಟಿನ ವಾಯಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದವರು ಬೆಂಗಳೂರಿಗೆ ಹೋಗಲು ಕಾರಣಗಳು ಬೇಕಾದಷ್ಟಿವೆ. ಕೆಲಸ ಮುಗಿಯುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಆಗ ಕಣ್ಣಿಗೆ ಬಿದ್ದ ಹೋಟೆಲಿಗೆ ನುಗ್ಗುವ ಬದಲು ಈ ಸಂಗತಿಗಳು ನೆನಪಿರಲಿ. ತಿಂಡಿಯ ಪಟ್ಟಿ ಚಿಕ್ಕದಾಗಿರುವ ಕಡೆ ರುಚಿ ಗಟ್ಟಿಯಾಗಿರುತ್ತದೆ ಎಂಬುದು ಇವೆಲ್ಲದರ ಸಾರ.

ಪೇಟೆಯಲ್ಲಿ

● ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಶುರುವಾದದ್ದು 1924ರಲ್ಲಿ. ಉಡುಪಿ ಕಡೆಯ ಕೋಟದಿಂದ ಬಂದ ಮಯ್ಯ ಸಹೋದರರು ಕಟ್ಟಿದ ಹೋಟೆಲಿದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಇಲ್ಲಿ ರವೆಯಿಂದಲೇ ಇಡ್ಲಿ ಬೇಯಿಸಿ ನೋಡಿದರು. ಇಂದು ಊರೂರಲ್ಲಿ ಸಿಗುವ ರವೆ ಇಡ್ಲಿ ಹುಟ್ಟಿದ್ದು ಹಾಗೆ ಎನ್ನುತ್ತಾರೆ ಎಂ.ಟಿ.ಆರ್.ನವರು. ಅಲ್ಲಿಗೆ ಹೋದರೆ ಮೊದಲು ಅದನ್ನೇ ಹೇಳಿ. ಸೋಮವಾರ ರಜೆ.

● ಇದೇ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳನ್ನು ನೋಡಿಬಂದರು. ಪಾತ್ರೆ, ಲೋಟಗಳನ್ನು ಕುದಿಯುವ ಬಿಸಿಯಲ್ಲಿ ಶುದ್ಧಗೊಳಿಸುವ ಪದ್ಧತಿ ಆಮೇಲೆ ಇಲ್ಲಿಗೆ ಬಂತು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದಾದ ಹೋಟೆಲೆಂಬ ಹೆಸರೂ ಬಂತು.

● 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರವನ್ನು ಕಟ್ಟುನಿಟ್ಟಾಗಿ ಇಳಿಸಿತು. ಆ ದರದಲ್ಲಿ ಗುಣಮಟ್ಟ ಉಳಿಸಿಕೊಳ್ಳಲಾಗದೆ ಎಂ.ಟಿ.ಆರ್. ಕೆಲಕಾಲ ಬಾಗಿಲು ಹಾಕಬೇಕಾಯಿತು. ಕೆಲಸಗಾರರ ಕೈಗೆ ಕೆಲಸ ಕೊಡಲು ತಿಂಡಿಯ ಮಿಶ್ರಣಗಳನ್ನೂ ಪುಡಿಗಳನ್ನೂ ಪೊಟ್ಟಣ ಕಟ್ಟಿ ಮಾರತೊಡಗಿದರು. ಆ ಪೊಟ್ಟಣದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಹೋಟೆಲು ಮಾತ್ರ ಮಯ್ಯರ ಮನೆತನದಲ್ಲೇ ಉಳಿದಿದೆ.

● ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದ್ದು. 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಇಲ್ಲಿನ ಮಸಾಲೆ ದೋಸೆಗೆ ಜೊತೆ ನೀಡುವುದು ತೆಳು ಚಟ್ನಿ. ತೋಳಿನುದ್ದಕ್ಕೂ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಸಪ್ಲೈಯರ್‌ಗಳನ್ನು ನೋಡುವುದೇ ಒಂದು ಸೊಗಸು. ಗೋಡೆಯ ಮೇಲೆ ಕನ್ನಡದ ಹಿರಿಯರ ರೇಖಾಚಿತ್ರಗಳಿವೆ. ಶುಕ್ರವಾರ ರಜೆ, ಮರೆಯಬೇಡಿ.

● ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆಯುತ್ತಿದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಪಟ್ಟಿ ಅಲ್ಲಿಗೆ ಬಹುಪಾಲು ಮುಗಿಯುತ್ತದೆ. ಸಾಂಬಾರ್ ಇಲ್ಲ. ಚಟ್ನಿ ಎಷ್ಟು ಸಲ ಕೇಳಿದರೂ ಬಡಿಸುತ್ತಾರೆ.

● ಮಲ್ಲೇಶ್ವರದ ಮಾರ್ಗೋಸಾ ರಸ್ತೆಯೊಂದರಲ್ಲೇ ಎರಡು ಹೆಸರುವಾಸಿ ಜಾಗಗಳಿವೆ. ಒಂದು ಸಿ.ಟಿ.ಆರ್. ಈಗಿನ ಬೋರ್ಡಿನಲ್ಲಿ ಶ್ರೀ ಸಾಗರ್ ಎಂದಿದ್ದರೂ ಜನರ ಬಾಯಲ್ಲಿ ಸಿ.ಟಿ.ಆರ್. ಎಂದೇ ಉಳಿದಿದೆ. ಅಲ್ಲಿ ಬೆಣ್ಣೆ ಮಸಾಲೆ ತಿನ್ನಿ. ಇನ್ನೊಂದು 1977ರ ವೀಣಾ ಸ್ಟೋರ್ಸ್. ಅಲ್ಲಿ ಇಡ್ಲಿ ತೆಗೆದುಕೊಂಡು ಫುಟ್‌ಪಾತಿನಲ್ಲೇ ನಿಂತು ತಿನ್ನಬೇಕು.

● ನಿಂತು ತಿನ್ನುವ ದರ್ಶಿನಿಗಳು ಬೆಂಗಳೂರಿನಲ್ಲಿ ಹಬ್ಬಿದ್ದು 1980ರ ದಶಕದಿಂದ ಈಚೆಗೆ. ಕುರ್ಚಿಯಿಲ್ಲ, ಸಪ್ಲೈಯರ್ ಇಲ್ಲ, ಮೊದಲು ದುಡ್ಡು ಕೊಟ್ಟು ಟೋಕನ್ ಪಡೆಯಬೇಕು. ಈ ಖರ್ಚುಗಳು ಉಳಿದದ್ದರಿಂದಲೇ ಕಡಿಮೆ ದರದಲ್ಲಿ ಬಿಸಿ ತಿಂಡಿ ಕೊಡಲು ಸಾಧ್ಯವಾಯಿತು. ಕೈಯಲ್ಲಿ ಹೊತ್ತೂ ದುಡ್ಡೂ ಕಡಿಮೆಯಿದ್ದಾಗ ದರ್ಶಿನಿಗಿಂತ ಒಳ್ಳೆಯ ಜಾಗವಿಲ್ಲ.

● ಕಾಫಿ ಹೌಸ್ ನೌಕರರ ದೇಶದ ಮೊದಲ ಸಹಕಾರ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ನೌಕರರೇ ಸೇರಿ ಅವನ್ನು ವಹಿಸಿಕೊಂಡರು. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು.

● ವಿ.ವಿ. ಪುರದ ತಿಂಡಿ ಬೀದಿಗೆ ಸಂಜೆ ಹೋಗಬೇಕು. ಸಜ್ಜನ್ ರಾವ್ ವೃತ್ತದ ಪಕ್ಕದ ಆ ಒಂದೇ ಬೀದಿಯಲ್ಲಿ ದೋಸೆ, ಹೋಳಿಗೆ, ಪಡ್ಡು, ಬಜ್ಜಿ ಎಲ್ಲವೂ ಸಿಗುತ್ತದೆ. ಹತ್ತಿರದಲ್ಲೇ 1953ರ ವಿ.ಬಿ. ಬೇಕರಿ ಇದೆ. ಖಾರಾ ಬನ್ನು, ಕಾಂಗ್ರೆಸ್ ಕಡ್ಲೇಕಾಯಿ ಕಟ್ಟಿಸಿಕೊಂಡು ಬನ್ನಿ, ಮನೆಯ ಮಕ್ಕಳು ಕಾಯುತ್ತಿರುತ್ತಾರೆ.

● ಜನವರಿಯ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಅವರೆಬೇಳೆ ಮೇಳ ನಡೆಯುತ್ತದೆ. ಹಿತಕಿದಬೇಳೆ ಸಾರು, ಅವರೆ ದೋಸೆಯಿಂದ ಹಿಡಿದು ಜಿಲೇಬಿವರೆಗೆ ಎಲ್ಲದರಲ್ಲೂ ಅವರೆಯೇ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಕೆಲಸ ಮುಂದೂಡಬಹುದಾದರೆ ಈ ದಿನಗಳಿಗೇ ಹೊಂದಿಸಿಕೊಳ್ಳಿ.

● ಮಾಂಸದೂಟದವರಿಗೆ ಮಿಲಿಟರಿ ಹೋಟೆಲ್ ಇದೆ. ಮರಾಠಿ ಮನೆತನಗಳು ಬೆಳೆಸಿದ ಪರಂಪರೆಯಿದು. ಕೊತ್ತಂಬರಿ, ಪುದೀನ ಅರೆದ ಹಸಿರು ಮಸಾಲೆ, ಸಣ್ಣ ಕಾಳಿನ ಜೀರಗ ಸಾಂಬಾ ಅಕ್ಕಿ, ಬಡಿಸಲು ಎಲೆಯ ದೊನ್ನೆ. ಬೆಂಗಳೂರಿನ ದೊನ್ನೆ ಬಿರಿಯಾನಿಯ ಗುರುತು ಈ ಮೂರು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲು ಇದಕ್ಕೆ ಹೆಸರಾದದ್ದು. ಬೇಗ ಹೋಗಿ, ತಡವಾದರೆ ಖಾಲಿಯಾಗಿರುತ್ತದೆ.

ನಮ್ಮ ನಾಲ್ಕು ತಾಲ್ಲೂಕಿನಲ್ಲಿ

● ಬಿರಿಯಾನಿಗಾಗಿ ಬೆಂಗಳೂರಿನವರು ನಸುಕಿನಲ್ಲೆದ್ದು ಹೊಸಕೋಟೆಗೆ ಬರುತ್ತಾರೆ. ಮಣಿ ದಮ್ ಬಿರಿಯಾನಿ, ಆನಂದ್ ದಮ್ ಬಿರಿಯಾನಿಗಳ ಮುಂದೆ ಭಾನುವಾರ ಸೂರ್ಯ ಹುಟ್ಟುವ ಮೊದಲೇ ಸಾಲು ನಿಂತಿರುತ್ತದೆ. ಸೌದೆ ಒಲೆಯ ಮೇಲಿನ ದೊಡ್ಡ ಹಂಡೆಗಳು ಬರಿದಾದರೆ ಅಂದಿನ ವ್ಯಾಪಾರ ಮುಗಿದಂತೆ. ಹೊಸಕೋಟೆಯವರು ವಾರದ ನಡುವೆ ಹೋದರೆ ನೂಕುನುಗ್ಗಲು ಕಡಿಮೆ.

● 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾಗುವವರೆಗೆ ತಟ್ಟೆ ಇಡ್ಲಿಯ ಬಿಡದಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. ಈಗ ನೆಲಮಂಗಲದವರಿಗೆ ಅನುಕೂಲವಾದದ್ದು ತುಮಕೂರು ರಸ್ತೆಯ ಕ್ಯಾತ್ಸಂದ್ರ. ದಾಬಸ್‌ಪೇಟೆ ದಾಟಿ ಹೋದರೆ ಅಲ್ಲೂ ತಟ್ಟೆ ಇಡ್ಲಿಗೆ ಬೆಣ್ಣೆ ಹಾಕಿ ಕೊಡುತ್ತಾರೆ.

● ವಿಮಾನದಲ್ಲಿ ಬೆಂಗಳೂರಿಗೆ ಬಂದವರು ಮೊದಲು ಕಾಲಿಡುವುದು ದೇವನಹಳ್ಳಿ ತಾಲ್ಲೂಕಿನಲ್ಲಿ. 2008ರ ಮೇ 24ರಂದು ನಿಲ್ದಾಣ ತೆರೆದಾಗಿನಿಂದ ಹೀಗೇ. ಅವರಿಗೆ ನಾವು ಮೊದಲು ಕೊಡಬೇಕಾದದ್ದು ದೇವನಹಳ್ಳಿ ಚಕ್ಕೋತ. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಕಿತ್ತಳೆ, ಮೂಸಂಬಿ, ನಿಂಬೆಗಳ ಕುಲದಲ್ಲಿ ಎಲ್ಲಕ್ಕಿಂತ ದೊಡ್ಡ ಹಣ್ಣು ಚಕ್ಕೋತವೇ.

● ನಮ್ಮ ಭಾಗದ ಇನ್ನೆರಡು ಬೆಳೆಗಳಿಗೂ ಅದೇ ಮಾನ್ಯತೆ ಇದೆ. ಒಂದು ಬೆಂಗಳೂರು ನೀಲಿ ದ್ರಾಕ್ಷಿ. ದೇವನಹಳ್ಳಿ, ದೊಡ್ಡಬಳ್ಳಾಪುರದ ತೋಟಗಳಲ್ಲಿ ಬೆಳೆಯುವ ಇದು ಜ್ಯೂಸಿಗೂ ವೈನಿಗೂ ಹೋಗುತ್ತದೆ. ಇನ್ನೊಂದು ಬೆಂಗಳೂರು ಗುಲಾಬಿ ಈರುಳ್ಳಿ. ಘಾಟು ಹೆಚ್ಚಿರುವ ಇದರ ಬಹುಪಾಲು ಮಲೇಷ್ಯಾ, ಸಿಂಗಪುರಗಳ ಅಡುಗೆಮನೆ ಸೇರುತ್ತದೆ.

● ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹಲಸಿಗೆ ಹೆಸರುವಾಸಿ. ಅದೇ ಭಾಗದ ಘಾಟಿ ಸುಬ್ರಹ್ಮಣ್ಯಕ್ಕೆ ಬೇಸಿಗೆಯ ಕೊನೆಯಲ್ಲಿ ಹೋದವರು ತೊಳೆ ಬಿಡಿಸಿಕೊಂಡು ಅಲ್ಲೇ ತಿನ್ನಬಹುದು. ಬೆಂಗಳೂರಿನ ನೆಂಟರನ್ನು ಕರೆಯಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

● ನೀವು ನುಂಗುವ ಮುದ್ದೆಯ ಹಿಂದೆ ಲಕ್ಷ್ಮಣಯ್ಯ ಎಂಬ ಕನ್ನಡದ ವಿಜ್ಞಾನಿಯ ದುಡಿಮೆ ಇದೆ. ಭಾರತದ ಮತ್ತು ಆಫ್ರಿಕಾದ ರಾಗಿ ತಳಿಗಳನ್ನು ಬೆರೆಸಿ ಅವರು ಇಂಡಾಫ್ ತಳಿಗಳನ್ನು ರೂಪಿಸಿದರು. ಹೊಲದ ಇಳುವರಿ ಏರಿತು. ಅಕ್ಕಿ, ಗೋಧಿಗಿಂತ ರಾಗಿಯಲ್ಲಿ ಸುಣ್ಣದ ಅಂಶ ಎಷ್ಟೋ ಪಟ್ಟು ಹೆಚ್ಚು. ಹೆದ್ದಾರಿ ಬದಿಯಲ್ಲಿ ಊಟಕ್ಕೆ ನಿಂತಾಗ ಫ್ರೈಡ್ ರೈಸಿನ ಬದಲು ಬಸ್ಸಾರು ಮುದ್ದೆ, ನಾಟಿ ಕೋಳಿ ಸಾರು ಮುದ್ದೆ ಕೇಳಿ. ಕೇಳುವವರಿದ್ದರೆ ಮಾತ್ರ ಮಾಡುವವರಿರುತ್ತಾರೆ.

● ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬುದು ಭಕ್ತರ ನಂಬಿಕೆ. ಬೆಟ್ಟ ಹತ್ತುವವರು ನೀರಿನ ಜೊತೆಗೆ ಬುತ್ತಿಯನ್ನೂ ಕಟ್ಟಿಕೊಂಡು ಹೋಗಿ.

ಹೊರಡುವ ಮುನ್ನ

● 2024ರ ನವೆಂಬರ್ 7ರಿಂದ ಹಸಿರು ಮೆಟ್ರೊ ನೆಲಮಂಗಲದ ದಿಕ್ಕಿನ ಮಾದಾವರದವರೆಗೆ ಬಂದಿದೆ. ಅಲ್ಲಿ ಹತ್ತಿದರೆ ರೈಲು ಬದಲಿಸುವ ಗೋಜಿಲ್ಲ. ಮಲ್ಲೇಶ್ವರಕ್ಕೆ ಸಂಪಿಗೆ ರಸ್ತೆ, ತಿಂಡಿ ಬೀದಿಗೂ ಗಾಂಧಿಬಜಾರಿಗೂ ನ್ಯಾಷನಲ್ ಕಾಲೇಜು, ಎಂ.ಟಿ.ಆರ್.ಗೆ ಲಾಲ್‌ಬಾಗ್ ನಿಲ್ದಾಣ. ಬೆಂಗಳೂರಿನ ಹಳೇ ತಿಂಡಿ ಜಾಗಗಳು ಬಹುಪಾಲು ಈ ಒಂದೇ ಮಾರ್ಗದ ಆಸುಪಾಸಿನಲ್ಲಿವೆ.

● ಹೊಸಕೋಟೆಯವರಿಗೆ ಹತ್ತಿರದ್ದು ನೇರಳೆ ಮಾರ್ಗದ ವೈಟ್‌ಫೀಲ್ಡ್, ಅಂದರೆ ಕಾಡುಗೋಡಿ ನಿಲ್ದಾಣ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗ ಹಿಡಿಯಬಹುದು.

● ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಅದನ್ನು ತೆಗೆಸುವ ಹಕ್ಕು ನಿಮಗಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಈ ಸೂಚನೆ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತಕರಾರಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿ.ಎಸ್.ಟಿ. ಬೇರೆ, ಅದನ್ನು ಕೊಡಲೇಬೇಕು.

● ಮಲ್ಲೇಶ್ವರದ ನ್ಯೂ ಕೃಷ್ಣ ಭವನ ಸುಮಾರು 70 ವರ್ಷ ನಡೆದು 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಮುಚ್ಚುವ ಸುದ್ದಿ ಬಂದ ಮೇಲೆ ಓಡಿಹೋಗಿ ತಿಂದವರು ಬಹಳ. ಹಳೇ ಹೋಟೆಲು ಉಳಿಯಬೇಕಾದರೆ ಗಿರಾಕಿ ಮೊದಲೇ ಹೋಗಬೇಕು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಇವುಗಳಲ್ಲಿ ಒಂದು ಕಡೆ ಹೋಗಿ ತಿನ್ನಿ. ಬೆಂಗಳೂರಿನಿಂದ ಯಾರಾದರೂ ಬಂದರೆ ನಮ್ಮ ಊರಿನ ಮುದ್ದೆ, ಚಕ್ಕೋತ, ಹಲಸನ್ನು ಮುಂದಿಟ್ಟು ಬಡಿಸಿ.