ನಲವತ್ತನಾಲ್ಕರಲ್ಲಿ ಮತ್ತೆ ವಿದ್ಯಾರ್ಥಿ

ಸ್ಪರ್ಧಾತ್ಮಕ ಪರೀಕ್ಷೆಯ ಹಳೆಯ ಗೈಡ್ ಹುಡುಕಿಕೊಂಡು ಒಂದು ದಿನ ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋಗಿದ್ದೆ. ಸಾಮಾನ್ಯ ಜ್ಞಾನದ ಪುಸ್ತಕಗಳ ರಾಶಿಯ ನಡುವೆ ರಟ್ಟು ಹರಿದ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯೊಂದು ಸಿಕ್ಕಿತು. ‘ದಿ ಬಿಗ್ ಸ್ಲೀಪ್’, ಬರೆದವನು ರೇಮಂಡ್ ಚಾಂಡ್ಲರ್. ಗೈಡ್ ಜೊತೆಗೆ ಅದನ್ನೂ ಕೊಂಡು ತಂದು ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಆಮೇಲೆ ಲೇಖಕನ ಪರಿಚಯ ನೋಡಿದರೆ, ಹುಟ್ಟಿದ್ದು 1888, ಮೊದಲ ಕಾದಂಬರಿಯಾದ ಇದು ಬಂದಿದ್ದು 1939. ಅಂದರೆ ಆಗ ಆತನಿಗೆ ಐವತ್ತು ವರ್ಷ!

ಇಪ್ಪತ್ತೊಂಬತ್ತಕ್ಕೇ ‘ವಯಸ್ಸು ಮೀರುತ್ತಿದೆ, ಮುಂದೇನು?’ ಎಂದು ನೆಂಟರಿಂದ ಕೇಳಿಸಿಕೊಳ್ಳುತ್ತಿದ್ದವಳು ನಾನು. ಐವತ್ತರವರೆಗೆ ಈ ಮನುಷ್ಯ ಏನು ಮಾಡುತ್ತಿದ್ದ ಎಂದು ತಿಳಿಯುವ ಆಸೆಯಾಯಿತು. ಹುಡುಕಿ ಓದಿದೆ.

ಚಾಂಡ್ಲರ್ ಹುಟ್ಟಿದ್ದು ಅಮೆರಿಕದ ಶಿಕಾಗೊದಲ್ಲಿ. ತಂದೆ ರೈಲ್ವೆ ಎಂಜಿನಿಯರ್, ಕುಡುಕ. ಸಂಸಾರವನ್ನು ಬಿಟ್ಟು ಹೋದ. ತಾಯಿ ಮಗನನ್ನು ಇಂಗ್ಲೆಂಡಿಗೆ ಕರೆದೊಯ್ದು, ಬಂಧುಗಳ ಆಸರೆಯಲ್ಲಿ ಓದಿಸಿದಳು. 1907ರಲ್ಲಿ ಆತ ಬ್ರಿಟಿಷ್ ಸರ್ಕಾರಿ ನೌಕರಿಯ ಪರೀಕ್ಷೆ ಬರೆದ. ಸುಮಾರು 600 ಅಭ್ಯರ್ಥಿಗಳಲ್ಲಿ ಮೂರನೇ ಸ್ಥಾನ! ನೌಕಾ ಇಲಾಖೆಯಲ್ಲಿ ಕೆಲಸವೂ ಸಿಕ್ಕಿತು. ಆದರೆ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಕವಿಯಾಗಬೇಕೆಂದು ರಾಜೀನಾಮೆ ಕೊಟ್ಟ.

ಇದನ್ನು ಓದಿದಾಗ ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಾವು ಹಗಲೂ ರಾತ್ರಿ ಕನಸು ಕಾಣುವ ರ‍್ಯಾಂಕನ್ನು ಆತ ಹಾಗೇ ಬಿಟ್ಟು ಬಂದಿದ್ದ.

ಸಿನಿಮಾ ಆಗಿದ್ದರೆ ಮುಂದಿನ ದೃಶ್ಯದಲ್ಲಿ ಗೆಲ್ಲಬೇಕಿತ್ತು. ಗೆಲ್ಲಲಿಲ್ಲ. ಪತ್ರಿಕೆಗಳಿಗೆ ಬರೆದ ಕವಿತೆ, ವಿಮರ್ಶೆಗಳಿಂದ ಹೊಟ್ಟೆ ತುಂಬಲಿಲ್ಲ. 1912ರಲ್ಲಿ ಸೋದರಮಾವನ ಬಳಿ ಸಾಲ ಮಾಡಿ ಅಮೆರಿಕಕ್ಕೆ ಮರಳಿದ. ಲಾಸ್ ಏಂಜಲೀಸ್‌ನಲ್ಲಿ ಟೆನಿಸ್ ರ‍್ಯಾಕೆಟ್‌ಗೆ ದಾರ ಕಟ್ಟಿದ, ತೋಟದಲ್ಲಿ ಹಣ್ಣು ಕಿತ್ತ, ಲೆಕ್ಕ ಬರೆಯುವುದನ್ನು ಕಲಿತ. ಮೊದಲ ಮಹಾಯುದ್ಧದಲ್ಲಿ ಕೆನಡಾ ಸೇನೆಯ ಪರವಾಗಿ ಫ್ರಾನ್ಸಿನ ಕಂದಕಗಳಲ್ಲಿ ಹೋರಾಡಿದ. ಆಮೇಲೆ ತೈಲ ಕಂಪನಿಯೊಂದಕ್ಕೆ ಲೆಕ್ಕಿಗನಾಗಿ ಸೇರಿ ಉಪಾಧ್ಯಕ್ಷನ ಹುದ್ದೆಯವರೆಗೂ ಏರಿದ. ಅಲ್ಲಿ ಕುಡಿತ ಹೆಚ್ಚಾಯಿತು, ಕಚೇರಿಗೆ ಚಕ್ಕರ್ ಹಾಕುವುದೂ ಹೆಚ್ಚಾಯಿತು. 1932ರಲ್ಲಿ ಕೆಲಸದಿಂದ ತೆಗೆದುಹಾಕಿದರು. ಅಮೆರಿಕ ಆಗ ಮಹಾ ಆರ್ಥಿಕ ಕುಸಿತದಲ್ಲಿ ನರಳುತ್ತಿತ್ತು. ಚಾಂಡ್ಲರ್‌ಗೆ 44 ವರ್ಷ.

ಅಲ್ಲಿಂದ ಮುಂದೆ ಆತ ಮಾಡಿದ್ದು ನನಗೆ ತುಂಬಾ ಇಷ್ಟವಾಯಿತು. ಅಗ್ಗದ ಕಾಗದದಲ್ಲಿ ಅಚ್ಚಾಗುವ ಪತ್ತೇದಾರಿ ಮಾಸಪತ್ರಿಕೆಗಳನ್ನು ಓದುತ್ತಿದ್ದವನಿಗೆ, ಇದನ್ನು ನಾನೂ ಬರೆಯಬಹುದಲ್ಲ ಅನ್ನಿಸಿತು. ಆದರೆ ನೇರವಾಗಿ ಬರೆಯಲು ಕೂರಲಿಲ್ಲ. ಪೆರ‍್ರಿ ಮೇಸನ್ ಪಾತ್ರದ ಸೃಷ್ಟಿಕರ್ತ ಅರ್ಲ್ ಸ್ಟ್ಯಾನ್ಲಿ ಗಾರ್ಡ್‌ನರ್‌ನ ಒಂದು ಕಥೆ ತೆಗೆದುಕೊಂಡ. ಅದರ ಸಾರಾಂಶವನ್ನು ವಿವರವಾಗಿ ಬರೆದುಕೊಂಡ. ಆ ಸಾರಾಂಶ ಇಟ್ಟುಕೊಂಡು ಇಡೀ ಕಥೆಯನ್ನು ತನ್ನ ಮಾತಿನಲ್ಲಿ ಬರೆದ. ಮೂಲದ ಪಕ್ಕ ಇಟ್ಟು ಎಲ್ಲಿ ಸೋತೆ ಎಂದು ನೋಡಿ, ತಿದ್ದಿ ಬರೆದ. ದೊಡ್ಡ ಹುದ್ದೆಯಲ್ಲಿದ್ದವನು ಹೋಮ್‌ವರ್ಕ್ ಮಾಡುವ ಹುಡುಗನಂತೆ ಕೂತಿದ್ದ!

ಮೊದಲ ಕಥೆಗೆ ಐದು ತಿಂಗಳು ಹಿಡಿಯಿತು. 1933ರ ಡಿಸೆಂಬರ್‌ನಲ್ಲಿ ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪದಕ್ಕೆ ಒಂದು ಸೆಂಟ್ ಲೆಕ್ಕದಲ್ಲಿ ಸಿಕ್ಕಿದ್ದು 180 ಡಾಲರ್. ಮುಂದಿನ ಐದಾರು ವರ್ಷ ಹೆಂಡತಿ ಸಿಸ್ಸಿಯ ಜೊತೆ ಕೈ ಬಿಗಿಹಿಡಿದು ಬದುಕುತ್ತಾ ಕಥೆಗಳನ್ನೇ ಬರೆದ. ಆ ಹಳೆಯ ಕಥೆಗಳ ಎಳೆಗಳನ್ನು ಹೊಸದಾಗಿ ನೇಯ್ದು ಮಾಡಿದ್ದೇ ‘ದಿ ಬಿಗ್ ಸ್ಲೀಪ್’. ಅದರ ಪತ್ತೇದಾರ ಫಿಲಿಪ್ ಮಾರ್ಲೋ ಲೋಕಪ್ರಸಿದ್ಧನಾದ. ಒಟ್ಟು ಏಳು ಕಾದಂಬರಿಗಳು ಬಂದವು. ಹಾಲಿವುಡ್ ಕರೆಯಿತು, ‘ಡಬಲ್ ಇಂಡೆಮ್ನಿಟಿ’ ಮತ್ತು ‘ದಿ ಬ್ಲೂ ಡೇಲಿಯಾ’ ಚಿತ್ರಗಳ ಬರವಣಿಗೆಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು.

ಹಾಗೆಂದು ಆತನನ್ನು ಆದರ್ಶಪುರುಷ ಮಾಡಲಾರೆ. ಕುಡಿತ ಪೂರ್ತಿ ಬಿಡಲಿಲ್ಲ. 1954ರಲ್ಲಿ ಸಿಸ್ಸಿ ತೀರಿಕೊಂಡ ಮೇಲೆ ಕುಸಿದುಹೋದ. 1959ರಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಕಣ್ಮುಚ್ಚಿದ. ಪುಸ್ತಕ ಗೆದ್ದರೆ ಬದುಕೂ ಗೆದ್ದಂತೆ ಎಂದೇನಿಲ್ಲ.

‘ಕನಸಿಗಾಗಿ ಕೆಲಸ ಬಿಡಿ’ ಎನ್ನುವ ಪ್ರೇರಣಾ ಭಾಷಣಗಳನ್ನು ನಾವೆಲ್ಲ ಮೊಬೈಲ್‌ನಲ್ಲಿ ಕೇಳುತ್ತೇವೆ. ಚಾಂಡ್ಲರ್ ಕನಸಿಗಾಗಿಯೇ ಒಮ್ಮೆ ಕೆಲಸ ಬಿಟ್ಟಿದ್ದ, ಸೋತ. ಎರಡನೇ ಸಲ ಕೆಲಸವೇ ಆತನನ್ನು ಬಿಟ್ಟಿತು, ಗೆದ್ದ. ಇಪ್ಪತ್ತರ ಹರೆಯದಲ್ಲಿ ಆತನ ಬಳಿ ಇದ್ದದ್ದು ಆಸೆ. ನಲವತ್ತನಾಲ್ಕರಲ್ಲಿ ಅದರ ಜೊತೆಗೆ ಇನ್ನೊಬ್ಬರಿಂದ ಕಲಿಯುವ ವಿನಯ, ತನ್ನ ತಪ್ಪನ್ನು ತಾನೇ ಹುಡುಕುವ ತಾಳ್ಮೆ ಸೇರಿಕೊಂಡಿದ್ದವು. ಕೆಲಸ ಬಿಟ್ಟದ್ದಕ್ಕಿಂತ ಕಲಿಯಲು ಕೂತದ್ದೇ ದೊಡ್ಡ ಧೈರ್ಯ ಎಂದು ನನಗೆ ಕಾಣುತ್ತದೆ.

ಈಗ ನಾನೂ ಅದನ್ನೇ ಮಾಡುತ್ತಿದ್ದೇನೆ. ಒಳ್ಳೆಯ ಪ್ರಬಂಧವೊಂದನ್ನು ಓದಿ, ಅಂಶಗಳನ್ನು ಗುರುತು ಹಾಕಿಕೊಂಡು, ಪುಸ್ತಕ ಮುಚ್ಚಿ ನನ್ನ ಮಾತಿನಲ್ಲಿ ಬರೆಯುತ್ತೇನೆ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಡುತ್ತೇನೆ. ಮೊದಲ ವಾರವೇ ಒಂದು ಸತ್ಯ ಗೊತ್ತಾಯಿತು: ನನ್ನ ಪ್ರಬಂಧದ ತುಂಬಾ ಅಭಿಪ್ರಾಯಗಳೇ, ಒಂದು ಉದಾಹರಣೆಯೂ ಇಲ್ಲ! ಮೂರು ಸಲ ಪರೀಕ್ಷೆ ಬರೆದರೂ ಎಲ್ಲಿ ಎಡವುತ್ತಿದ್ದೇನೆ ಎಂದು ತಿಳಿಯದೆ ಅದೃಷ್ಟವನ್ನು ಬೈದಿದ್ದೆ.

ನಾಲ್ಕನೇ ಸಲ ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ‘ಮುಂದೇನು?’ ಎಂದು ಯಾರಾದರೂ ಕೇಳಿದರೆ, ಕಲಿಯುತ್ತಿದ್ದೇನೆ ಎನ್ನಲು ಮಾತ್ರ ಈಗ ನಾಚಿಕೆಯಾಗುವುದಿಲ್ಲ.