ನಾಯಿಯ ಗಬ್ಬ ಮತ್ತು ಹೆರಿಗೆ: ತಪ್ಪು ಕಲ್ಪನೆಗಳು, ಸತ್ಯಗಳು

ನಾಯಿ ಗಬ್ಬವಾಗಿ ಮರಿ ಹಾಕಲು ಬೇಕಾಗುವುದು ಸುಮಾರು ಒಂಬತ್ತು ವಾರ. ಹಸುವಿಗೆ ಒಂಬತ್ತು ತಿಂಗಳ ಮೇಲೆ ಬೇಕು. ಅವಧಿಯಲ್ಲಿ ಮಾತ್ರವಲ್ಲ, ಬೆದೆ, ಆಹಾರ, ಹೆರಿಗೆ, ಮರಿಗಳ ಆರೈಕೆ ಎಲ್ಲದರಲ್ಲೂ ನಾಯಿಯ ದೇಹದ ಲೆಕ್ಕ ಬೇರೆಯೇ. ಹಟ್ಟಿಯಲ್ಲಿ ಹಸು ಈಯುವುದನ್ನು ಕಂಡ ಅನುಭವವನ್ನೂ ಮನೆಯ ಬಾಣಂತನದ ತಿಳಿವಳಿಕೆಯನ್ನೂ ನಾಯಿಗೆ ಹೊಂದಿಸಲು ಹೋದಾಗ ತಪ್ಪು ಕಲ್ಪನೆಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲವು ತಾಯಿಯ ಅಥವಾ ಮರಿಗಳ ಜೀವಕ್ಕೇ ಎರವಾಗುತ್ತವೆ.

ಬೆದೆ ಮತ್ತು ಕೂಡಿಕೆ

ತಪ್ಪು ಕಲ್ಪನೆ: ನಾಯಿಗೆ ರಕ್ತ ಕಾಣಿಸುವುದು ಮುಟ್ಟು, ರಕ್ತ ನಿಂತರೆ ಬೆದೆ ಮುಗಿದಂತೆ.

ಸತ್ಯ: ಹೆಂಗಸರ ಮುಟ್ಟಿಗೂ ನಾಯಿಯ ಬೆದೆಯ ರಕ್ತಕ್ಕೂ ಸಂಬಂಧವಿಲ್ಲ. ಮುಟ್ಟು ಬರುವುದು ಗರ್ಭ ನಿಲ್ಲದಿದ್ದಾಗ. ನಾಯಿಯಲ್ಲಿ ರಕ್ತ ಕಾಣುವುದು ಗರ್ಭಕೋಶ ಗಬ್ಬಕ್ಕೆ ಸಿದ್ಧವಾಗುತ್ತಿರುವಾಗ. ಸರಾಸರಿ ಒಂಬತ್ತು ದಿನಗಳ ಈ ಹಂತದಲ್ಲಿ ಗಂಡುನಾಯಿಗಳು ಹಿಂದೆ ಬಿದ್ದರೂ ಹೆಣ್ಣು ಹತ್ತಿರ ಸೇರಿಸುವುದಿಲ್ಲ. ಸ್ರಾವದ ಬಣ್ಣ ತಿಳಿಯಾಗಿ, ಹೆಣ್ಣು ಬಾಲವನ್ನು ಪಕ್ಕಕ್ಕೆ ಸರಿಸಿ ನಿಲ್ಲತೊಡಗಿದ ಮೇಲೆಯೇ ಗಬ್ಬ ಕಟ್ಟುವ ದಿನಗಳು ಶುರುವಾಗುತ್ತವೆ. ಅವೂ ಸರಾಸರಿ ಒಂಬತ್ತು ದಿನ ಇರುತ್ತವೆ. ಬೇಡದ ಗಬ್ಬ ತಪ್ಪಿಸಬೇಕೆನ್ನುವವರು ರಕ್ತ ನಿಂತಿತೆಂದು ನಾಯಿಯನ್ನು ಹೊರಗೆ ಬಿಡುವುದು ಸರಿಯಾಗಿ ಇದೇ ಹೊತ್ತಿನಲ್ಲಿ. ಕೆಲವು ನಾಯಿಗಳಿಗೆ ಬೆದೆ ಮುಗಿಯುವ ತನಕವೂ ರಕ್ತ ಕಾಣುವುದರಿಂದ ಬಣ್ಣವೊಂದನ್ನೇ ನಂಬುವಂತಿಲ್ಲ. ಪ್ರೊಜೆಸ್ಟೆರಾನ್ ಹಾರ್ಮೋನಿನ ರಕ್ತ ಪರೀಕ್ಷೆಯೇ ನಿಖರವಾದ ದಾರಿ.

ತಪ್ಪು ಕಲ್ಪನೆ: ಒಮ್ಮೆ ಬೀದಿನಾಯಿ ಕೂಡಿದರೆ ಹೆಣ್ಣುನಾಯಿಯ ತಳಿ ಕೊನೆತನಕ ಕೆಟ್ಟಂತೆ.

ಸತ್ಯ: ಪ್ರತಿ ಸೂಲಿನ ಮರಿಗಳಲ್ಲಿ ಇರುವುದು ಆ ಸೂಲಿನ ತಂದೆ ಮತ್ತು ತಾಯಿಯ ಗುಣಗಳಷ್ಟೇ. ಹಿಂದಿನ ಗಂಡಿನ ಗುರುತು ಗರ್ಭಕೋಶದಲ್ಲಿ ಉಳಿಯುವುದಿಲ್ಲ. ಆದರೆ ಒಂದೇ ಬೆದೆಯಲ್ಲಿ ಎರಡು ಗಂಡುಗಳು ಕೂಡಿದರೆ ಒಂದೇ ಸೂಲಿನಲ್ಲಿ ಎರಡು ತಂದೆಯರ ಮರಿಗಳು ಹುಟ್ಟಬಹುದು. ಆದ್ದರಿಂದ ಆಯ್ದ ಗಂಡಿನೊಂದಿಗೆ ಕೂಡಿದ ಮೇಲೂ ಬೆದೆ ಪೂರ್ತಿ ಇಳಿಯುವವರೆಗೆ ಹೆಣ್ಣನ್ನು ಕಾಯಬೇಕು.

ತಳಿಯನ್ನು ನಿಜವಾಗಿ ಕೆಡಿಸುವುದು ಅಣ್ಣ–ತಂಗಿ, ತಂದೆ–ಮಗಳ ನಡುವೆ ಮತ್ತೆ ಮತ್ತೆ ಕೂಡಿಸುವ ರೂಢಿ. ಇದರಿಂದ ಮರಿಗಳ ಸಂಖ್ಯೆ ಇಳಿಯುತ್ತದೆ, ಅಡಗಿದ್ದ ದೋಷಗಳು ಮೇಲೆ ಬರುತ್ತವೆ. ಮುಧೋಳ ನಾಯಿಯಂತಹ ಸ್ಥಳೀಯ ತಳಿಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇರುವುದೇ ಈ ತಳಿಯ ರಕ್ಷಣೆಗಾಗಿ. ಸಾಕುವವರು ಮೂರ್ನಾಲ್ಕು ತಲೆಮಾರಿನ ವಂಶಾವಳಿ ಬರೆದಿಟ್ಟುಕೊಂಡರೆ ಹತ್ತಿರದ ರಕ್ತಸಂಬಂಧ ತಪ್ಪಿಸುವುದು ಸುಲಭ.

ತಪ್ಪು ಕಲ್ಪನೆ: ಆರೋಗ್ಯ ಚೆನ್ನಾಗಿರಬೇಕಾದರೆ ಹೆಣ್ಣುನಾಯಿ ಒಂದು ಸಲವಾದರೂ ಮರಿ ಹಾಕಬೇಕು.

ಸತ್ಯ: ಮರಿ ಹಾಕುವುದರಿಂದ ದೇಹಕ್ಕೆ ಲಾಭವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ವಯಸ್ಸಾದ ಹೆಣ್ಣುನಾಯಿಗಳನ್ನು ಕಾಡುವ, ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಕಾಯಿಲೆ ಹಿಂದೆ ಮರಿ ಹಾಕಿದವಕ್ಕೂ ಬರುತ್ತದೆ. ಅದನ್ನು ತಡೆಯುವುದು ಸಂತಾನಹರಣ ಶಸ್ತ್ರಚಿಕಿತ್ಸೆ.

ಗಬ್ಬದ ಒಂಬತ್ತು ವಾರ

ತಪ್ಪು ಕಲ್ಪನೆ: ಕೂಡಿದ ದಿನದಿಂದ ಎಣಿಸಿದರೆ ಸರಿಯಾಗಿ 63ನೇ ದಿನ ಮರಿ ಹಾಕಬೇಕು, ದಾಟಿದರೆ ಅಪಾಯ.

ಸತ್ಯ: 63 ದಿನದ ಲೆಕ್ಕ ಅಂಡ ಬಿಡುಗಡೆಯಾದ ದಿನದಿಂದ ಸರಿ, ಕೂಡಿದ ದಿನದಿಂದಲ್ಲ. ನಾಯಿಯ ಅಂಡ ಬಿಡುಗಡೆಯಾದ ಕೂಡಲೇ ಫಲಗೊಳ್ಳುವುದಿಲ್ಲ, ಮಾಗಲು ಇನ್ನೂ ಎರಡು–ಮೂರು ದಿನ ಬೇಕು. ವೀರ್ಯಾಣುಗಳೋ ಹೆಣ್ಣಿನ ದೇಹದಲ್ಲಿ ಐದಾರು ದಿನ ಜೀವಂತವಾಗಿರಬಲ್ಲವು. ಹೀಗಾಗಿ ಕೂಡಿದ ದಿನದಿಂದ ಎಣಿಸಿದರೆ ಹೆರಿಗೆ 57ರಿಂದ 72 ದಿನಗಳ ನಡುವೆ ಎಂದಾದರೂ ಆಗಬಹುದು. ಅಂಡ ಬಿಡುಗಡೆಯ ದಿನವನ್ನು ರಕ್ತ ಪರೀಕ್ಷೆಯಿಂದ ಗುರುತಿಸಿಕೊಂಡವರಿಗೆ ಮಾತ್ರ ಒಂದೆರಡು ದಿನದ ವ್ಯತ್ಯಾಸದಲ್ಲಿ ದಿನ ಹೇಳಲು ಸಾಧ್ಯ.

ತಪ್ಪು ಕಲ್ಪನೆ: ಹೊಟ್ಟೆ ಉಬ್ಬಿ, ಮೊಲೆ ತುಂಬಿ, ಹಾಲು ಬಂದರೆ ಗಬ್ಬ ಖಚಿತ.

ಸತ್ಯ: ಗಬ್ಬವಾಗದ ನಾಯಿಯಲ್ಲೂ ಇವೆಲ್ಲ ಕಾಣಿಸಬಹುದು. ಬೆದೆಯ ನಂತರದ ಎರಡು ತಿಂಗಳು ಪ್ರೊಜೆಸ್ಟೆರಾನ್ ಗಬ್ಬವಾದ ನಾಯಿಯಲ್ಲೂ ಆಗದ ನಾಯಿಯಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅದು ಇಳಿದು ಪ್ರೊಲ್ಯಾಕ್ಟಿನ್ ಏರಿದಾಗ ಖಾಲಿ ಹೊಟ್ಟೆಯ ನಾಯಿಯೂ ಮೂಲೆಯಲ್ಲಿ ಹಾಸಿಗೆ ಕೆದರುತ್ತದೆ, ಬೊಂಬೆಯನ್ನೋ ಚಪ್ಪಲಿಯನ್ನೋ ಮರಿಯೆಂದು ಕಾಯುತ್ತದೆ. ಇದು ಸುಳ್ಳು ಗಬ್ಬ. ಸಾಮಾನ್ಯವಾಗಿ ಎರಡು–ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ಹಾಲು ಹಿಂಡುವುದಾಗಲಿ ಮೊಲೆ ತಿಕ್ಕುವುದಾಗಲಿ ಮಾಡಿದರೆ ಇನ್ನಷ್ಟು ಹಾಲು ಇಳಿಯುತ್ತದೆ.

ಗಬ್ಬ ಖಚಿತವಾಗುವುದು ಸುಮಾರು 25ನೇ ದಿನದ ನಂತರದ ಅಲ್ಟ್ರಾಸೌಂಡ್‌ನಲ್ಲಿ. ಅಲ್ಲಿ ಮರಿಗಳ ಎದೆಬಡಿತ ಕಾಣುತ್ತದೆ. ಎಷ್ಟು ಮರಿ ಎಂದು ಎಣಿಸಲು 55ನೇ ದಿನದ ನಂತರದ ಎಕ್ಸ್‌ರೇ ಬೇಕು. ಅಷ್ಟರಲ್ಲಿ ಮರಿಗಳ ಮೂಳೆ ಗಟ್ಟಿಯಾಗಿ ತಲೆ, ಬೆನ್ನೆಲುಬು ಸ್ಪಷ್ಟವಾಗಿರುತ್ತವೆ. ಈ ಸಂಖ್ಯೆ ಕೈಯಲ್ಲಿದ್ದರೆ ಹೆರಿಗೆಯ ರಾತ್ರಿ ಇನ್ನೂ ಮರಿ ಉಳಿದಿದೆಯೇ ಎಂಬ ಗೊಂದಲ ಇರುವುದಿಲ್ಲ. ಮನುಷ್ಯರ ಗರ್ಭ ಪರೀಕ್ಷೆಯ ಕಿಟ್ ನಾಯಿಗೆ ಕೆಲಸ ಮಾಡುವುದಿಲ್ಲ. ಅದು ಗುರುತಿಸುವ ಹಾರ್ಮೋನು ನಾಯಿಯಲ್ಲಿ ಇಲ್ಲ.

ತಪ್ಪು ಕಲ್ಪನೆ: ಮೊದಲ ದಿನದಿಂದಲೇ ದುಪ್ಪಟ್ಟು ಊಟ ಹಾಕಬೇಕು, ಮರಿಗಳ ಮೂಳೆಗಾಗಿ ಕ್ಯಾಲ್ಸಿಯಂ ಕೊಡಬೇಕು.

ಸತ್ಯ: ಮೊದಲ ಐದು ವಾರ ಮರಿಗಳ ಬೆಳವಣಿಗೆ ಅತ್ಯಲ್ಪ. ಆಗ ಹೆಚ್ಚು ತಿನ್ನಿಸಿದರೆ ತಾಯಿಗೆ ಕೊಬ್ಬು ಸೇರುತ್ತದೆ, ಕೊಬ್ಬಿದ ನಾಯಿಗೆ ಹೆರಿಗೆ ಕಷ್ಟ. ಆಹಾರ ಹೆಚ್ಚಿಸಬೇಕಾದದ್ದು ಕೊನೆಯ ಮೂರು–ನಾಲ್ಕು ವಾರ. ಮರಿಗಳು ಹೊಟ್ಟೆಯನ್ನು ಒತ್ತುವುದರಿಂದ ದಿನಕ್ಕೆ ಮೂರು–ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಬೇಕು. ನಿಜವಾದ ಹಸಿವು ಹೆರಿಗೆಯ ನಂತರದ್ದು. ಹಾಲು ಉತ್ತುಂಗದಲ್ಲಿರುವ ಮೂರನೇ, ನಾಲ್ಕನೇ ವಾರದಲ್ಲಿ ಮರಿಗಳ ಸಂಖ್ಯೆಗೆ ತಕ್ಕಂತೆ ಎಂದಿನ ಎರಡರಿಂದ ನಾಲ್ಕು ಪಟ್ಟು ಆಹಾರ ಬೇಕಾಗುತ್ತದೆ.

ಗಬ್ಬದಲ್ಲಿ ಕ್ಯಾಲ್ಸಿಯಂ ಸಿರಪ್ಪು, ಮಾತ್ರೆ ಕೊಡುವುದು ಒಳಿತಿಗಿಂತ ಕೆಡುಕನ್ನೇ ಮಾಡುತ್ತದೆ. ಮೂಳೆಯಿಂದ ರಕ್ತಕ್ಕೆ ಕ್ಯಾಲ್ಸಿಯಂ ತರುವ ಪ್ಯಾರಾಥೈರಾಯ್ಡ್ ಗ್ರಂಥಿ ಹೊರಗಿನಿಂದ ಸಿಗುವಾಗ ಕೆಲಸ ತಗ್ಗಿಸುತ್ತದೆ. ಹೆರಿಗೆಯಾಗಿ ಹಾಲಿಗೆ ದಿಢೀರನೆ ಬೇಡಿಕೆ ಏರಿದಾಗ ಅದಕ್ಕೆ ತಕ್ಷಣ ಎಚ್ಚೆತ್ತುಕೊಳ್ಳಲು ಆಗುವುದಿಲ್ಲ. ಆಗ ಏದುಸಿರು, ನಡುಕ, ಕಾಲು ಸೆಟೆಯುವಿಕೆ, ಕೊನೆಗೆ ಫಿಟ್ಸ್ ಬರುತ್ತವೆ. ಎಕ್ಲಾಂಪ್ಸಿಯಾ ಎಂಬ ಈ ಸ್ಥಿತಿ ಹೆಚ್ಚಾಗಿ ಚಿಕ್ಕ ತಳಿಯ ನಾಯಿಗಳಲ್ಲಿ, ಹೆರಿಗೆಯ ನಂತರದ ಮೊದಲ ನಾಲ್ಕು ವಾರಗಳಲ್ಲಿ ಕಾಣುತ್ತದೆ. ಗಂಟೆಗಳೊಳಗೆ ಚಿಕಿತ್ಸೆ ಸಿಗದಿದ್ದರೆ ತಾಯಿ ಉಳಿಯುವುದು ಕಷ್ಟ.

ಮರಿ ಹಾಕುವ ಹೊತ್ತು

ತಪ್ಪು ಕಲ್ಪನೆ: ಚಡಪಡಿಕೆ ಶುರುವಾಯಿತೆಂದರೆ ಮರಿ ಬಂದೇ ಬಿಡುತ್ತದೆ, ತಡವಾದರೆ ಕೈಹಾಕಿ ತೆಗೆಯಬೇಕು.

ಸತ್ಯ: ಹೆರಿಗೆಯ ಮುನ್ಸೂಚನೆ ಕೊಡುವುದು ಥರ್ಮಾಮೀಟರ್. ನಾಯಿಯ ಸಹಜ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕೊನೆಯ ವಾರ ದಿನಕ್ಕೆ ಎರಡು ಸಲ ಗುದದ್ವಾರದಲ್ಲಿ ಅಳೆಯುತ್ತಿದ್ದರೆ, ಒಮ್ಮೆ ಅದು 99ರ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿಯುವುದು ಕಾಣುತ್ತದೆ. ಅಲ್ಲಿಂದ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ ಶುರುವಾಗುತ್ತದೆ.

ಮೊದಲ ಹಂತದಲ್ಲಿ ನಾಯಿ ಏದುತ್ತದೆ, ನಡುಗುತ್ತದೆ, ಊಟ ಬಿಡುತ್ತದೆ, ಹಾಸಿಗೆ ಕೆದರುತ್ತದೆ. ಗರ್ಭಕೋಶದ ಬಾಯಿ ತೆರೆಯುವ ಈ ಹಂತ 6ರಿಂದ 12 ತಾಸು, ಚೊಚ್ಚಲು ನಾಯಿಗಳಲ್ಲಿ 24 ತಾಸಿನವರೆಗೂ ನಡೆಯಬಹುದು. ಆಗ ಬೇಕಾದದ್ದು ಮಬ್ಬು ಬೆಳಕು, ಸದ್ದಿಲ್ಲದ ಮೂಲೆ ಮತ್ತು ಪರಿಚಿತರೊಬ್ಬರ ಇರವು. ಸುತ್ತ ಜನ ಸೇರಿದರೆ ಹೆದರಿಕೆಗೆ ನೋವು ನಿಂತುಹೋಗುತ್ತದೆ.

ಎರಡನೇ ಹಂತದಲ್ಲಿ ನಾಯಿ ಕಣ್ಣಿಗೆ ಕಾಣುವಂತೆ ಮುಕ್ಕುತ್ತದೆ. ಮರಿಗಳು ಹೆಚ್ಚಾಗಿ ಅರ್ಧ ಗಂಟೆ, ಒಂದು ಗಂಟೆಯ ಅಂತರದಲ್ಲಿ ಬರುತ್ತವೆ. ನಡುವೆ ತಾಯಿ ವಿಶ್ರಾಂತಿ ಪಡೆಯುವುದೂ ಸಹಜ. ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕಾದ ಸಂದರ್ಭಗಳು ಇವು: ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬಾರದಿರುವುದು, ಮರಿ ಉಳಿದಿದ್ದೂ ಎರಡು ತಾಸು ಏನೂ ನಡೆಯದಿರುವುದು, ಮೊದಲ ಮರಿಗೆ ಮುಂಚೆಯೇ ಕಡು ಹಸಿರು ಸ್ರಾವ ಕಾಣುವುದು, ತಾಯಿ ನಿತ್ರಾಣವಾಗುವುದು. ಹಸಿರು ಸ್ರಾವವೆಂದರೆ ಮಾಸು ಬಿಟ್ಟುಕೊಂಡಿದೆ, ಮರಿಗೆ ಉಸಿರು ಸಿಗುತ್ತಿಲ್ಲ ಎಂದರ್ಥ. ಒಂದು ಮರಿ ಹುಟ್ಟಿದ ಮೇಲೆ ಅದೇ ಬಣ್ಣ ಕಂಡರೆ ಹೆದರಬೇಕಿಲ್ಲ.

ತಪ್ಪು ಕಲ್ಪನೆ: ಹಿಂಗಾಲು ಮೊದಲು ಬಂದರೆ ಮರಿ ಅಡ್ಡ ಬಂದಂತೆ.

ಸತ್ಯ: ಹತ್ತರಲ್ಲಿ ಸುಮಾರು ನಾಲ್ಕು ಮರಿಗಳು ಹಿಂಗಾಲು ಮುಂದಾಗಿಯೇ ಹುಟ್ಟುತ್ತವೆ. ನಾಯಿಯಲ್ಲಿ ಇದು ಸಹಜ. ಕಾಲುಗಳು ಹೊಟ್ಟೆಯಡಿ ಮಡಚಿಕೊಂಡು ಬಾಲವೊಂದೇ ಮುಂದೆ ಬಂದಾಗ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಅರ್ಧ ಹೊರಬಂದು ನಿಂತ ಮರಿಗೆ ನೆರವಾಗಲೇಬೇಕಾದರೆ ಶುಭ್ರ ಬಟ್ಟೆಯಲ್ಲಿ ಹಿಡಿದು, ತಾಯಿ ಮುಕ್ಕಿದಾಗ ಮಾತ್ರ, ತಾಯಿಯ ಹಿಂಗಾಲುಗಳ ಕಡೆಗೆ ಕೆಳಮುಖವಾಗಿ ಮೆಲ್ಲನೆ ಜಗ್ಗಬೇಕು. ಒಂದೇ ಕಾಲನ್ನಾಗಲಿ ತಲೆಯನ್ನಾಗಲಿ ಹಿಡಿದು ಎಳೆಯಬಾರದು.

ತಪ್ಪು ಕಲ್ಪನೆ: ನೋವು ತಡವಾದರೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರೆ ಸಾಕು.

ಸತ್ಯ: ಆಕ್ಸಿಟೋಸಿನ್ ಗರ್ಭಕೋಶವನ್ನು ಬಲವಾಗಿ ಹಿಂಡುತ್ತದೆ. ದಾರಿಯಲ್ಲಿ ಮರಿ ಸಿಕ್ಕಿಕೊಂಡಿದ್ದರೆ ಗರ್ಭಕೋಶ ಹರಿಯಬಹುದು. ಮಾಸು ಬೇಗ ಬಿಟ್ಟುಕೊಂಡು ಒಳಗಿನ ಮರಿಗಳು ಉಸಿರುಗಟ್ಟಿ ಸಾಯಬಹುದು. ಅಡ್ಡಿಯಿಲ್ಲವೆಂದು ಪರೀಕ್ಷಿಸಿದ ಮೇಲೆ ಪಶುವೈದ್ಯರು ಅಳೆದು ಕೊಡಬೇಕಾದ ಮದ್ದು ಇದು. ತಲೆ ದಪ್ಪ, ಸೊಂಟ ಕಿರಿದಾದ ಬುಲ್‌ಡಾಗ್‌ನಂತಹ ತಳಿಗಳಿಗೆ ಸಿಸೇರಿಯನ್ ಮೊದಲೇ ನಿಗದಿ ಮಾಡಿಕೊಳ್ಳುವುದು ಕ್ಷೇಮ.

ತಪ್ಪು ಕಲ್ಪನೆ: ತಾಯಿ ಎಲ್ಲ ಮಾಸನ್ನೂ ತಿನ್ನಬೇಕು, ಇಲ್ಲದಿದ್ದರೆ ಹಾಲು ಇಳಿಯದು.

ಸತ್ಯ: ಹಾಲು ಇಳಿಯುವುದು ಹಾರ್ಮೋನುಗಳಿಂದ ಮತ್ತು ಮರಿಗಳು ಚೀಪುವುದರಿಂದ. ಒಂದೆರಡು ಮಾಸು ತಿಂದರೆ ತೊಂದರೆಯಿಲ್ಲ, ಹೆಚ್ಚು ತಿಂದರೆ ವಾಂತಿ, ಭೇದಿ ಆಗುತ್ತದೆ. ಮಾಸುಗಳನ್ನು ಎಣಿಸುವುದು ಮಾತ್ರ ಒಳ್ಳೆಯ ಅಭ್ಯಾಸ. ಹೆರಿಗೆಯ ನಂತರ ಎರಡು–ಮೂರು ವಾರ ಕಂದುಗೆಂಪು ಸ್ರಾವ ಸಹಜ. ಅದು ದುರ್ನಾತ ಬೀರಿದರೆ, ತಾಯಿಗೆ ಜ್ವರ ಬಂದರೆ ಗರ್ಭಕೋಶಕ್ಕೆ ಸೋಂಕು ತಗುಲಿದೆ ಎಂದು ತಿಳಿಯಬೇಕು.

ಮರಿಗಳ ಮೊದಲ ವಾರಗಳು

ತಪ್ಪು ಕಲ್ಪನೆ: ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ, ಇಲ್ಲವೇ ತಿಂದುಬಿಡುತ್ತದೆ.

ಸತ್ಯ: ಮನೆಯವರ ಕೈವಾಸನೆ ತಾಯಿನಾಯಿಗೆ ಹೊಸದಲ್ಲ. ತಾಯಿ ಮರಿಗೆ ಹಾನಿ ಮಾಡುವುದು ವಿಪರೀತ ಗಾಬರಿ, ನೋವು, ಚೊಚ್ಚಲಿನ ಗೊಂದಲ ಅಥವಾ ಅಪರಿಚಿತರ ಕಾಟದಿಂದ. ಮೊದಲ ದಿನಗಳಲ್ಲಿ ಹೊರಗಿನವರನ್ನು ದೂರ ಇಡಬೇಕು. ಮನೆಯವರು ಮಾತ್ರ ಮರಿಗಳನ್ನು ದಿನವೂ ಎತ್ತಿ ತೂಗಲೇಬೇಕು. ಆರೋಗ್ಯವಂತ ಮರಿ ದಿನದಿಂದ ದಿನಕ್ಕೆ ತೂಕ ಹೆಚ್ಚಿಸಿಕೊಳ್ಳುತ್ತಾ ಎಂಟು–ಹತ್ತು ದಿನದಲ್ಲಿ ಹುಟ್ಟಿದಾಗಿನ ತೂಕದ ಎರಡರಷ್ಟಾಗುತ್ತದೆ. ತೂಕ ನಿಂತ ಮರಿ ಕಾಯಿಲೆ ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಯಲ್ಲಿ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ಸೊರಗಿದ ಮರಿಗೆ ಕೂಡಲೇ ಹಸುವಿನ ಹಾಲು ಕುಡಿಸಬೇಕು.

ಸತ್ಯ: ಮರಿಗೆ ಮೊದಲು ಬೇಕಾದದ್ದು ಬಿಸುಪು. ಮೊದಲ ವಾರ ಅದು ನಡುಗಿ ಮೈ ಬಿಸಿಮಾಡಿಕೊಳ್ಳಲಾರದು. ಮಲಗುವ ಜಾಗ 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗಿರಬೇಕು. ಮೈ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ, ಆಗ ಕುಡಿಸಿದ ಹಾಲು ಹೊಟ್ಟೆಯಲ್ಲೇ ಕೆಡುತ್ತದೆ ಅಥವಾ ಶ್ವಾಸಕೋಶಕ್ಕೆ ಇಳಿಯುತ್ತದೆ. ನಿಧಾನವಾಗಿ ಮೈ ಬೆಚ್ಚಗಾದ ಮೇಲೆಯೇ ಹಾಲು.

ನಾಯಿಹಾಲಿನಲ್ಲಿ ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು ಪ್ರೋಟೀನು, ಕೊಬ್ಬು ಇವೆ; ಲ್ಯಾಕ್ಟೋಸ್ ಕಡಿಮೆ. ಬರಿಯ ಹಸುವಿನ ಹಾಲು ಕುಡಿದ ಮರಿಗೆ ಭೇದಿಯಾಗುತ್ತದೆ, ಪುಷ್ಟಿ ಸಾಲದು. ತಾಯಿಹಾಲು ಸಿಗದಿದ್ದರೆ ನಾಯಿಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಬಳಸಬೇಕು. ರೋಗ ತಡೆಯುವ ಶಕ್ತಿ ಬಹುಪಾಲು ಬರುವುದು ತಾಯಿಯ ಗಿಣ್ಣುಹಾಲಿನಿಂದ. ಅದನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಮೊದಲ ಒಂದು ದಿನ ಮಾತ್ರ ಇರುತ್ತದೆ.

ತಪ್ಪು ಕಲ್ಪನೆ: ಹಾಲು ಕುಡಿಯುವ ಮರಿಗೆ ಜಂತುಹುಳು ಇರುವುದಿಲ್ಲ.

ಸತ್ಯ: ತಾಯಿಯ ಮಾಂಸಖಂಡಗಳಲ್ಲಿ ಮಲಗಿರುವ ದುಂಡುಹುಳುವಿನ ಮರಿಹುಳುಗಳು ಗಬ್ಬದ ಕೊನೆಯ ಭಾಗದಲ್ಲಿ ಎಚ್ಚೆತ್ತು ಮಾಸಿನ ಮೂಲಕ ಹೊಟ್ಟೆಯಲ್ಲಿರುವ ಮರಿಗಳನ್ನು ಸೇರುತ್ತವೆ. ಆದ್ದರಿಂದ ಎರಡನೇ ವಾರದಿಂದಲೇ ಎರಡು ವಾರಕ್ಕೊಮ್ಮೆ ಜಂತಿನ ಔಷಧ ಕೊಡಬೇಕು. ಇವು ಮನೆಯ ಮಕ್ಕಳಿಗೂ ತಗುಲುವ ಹುಳುಗಳು.

ತಪ್ಪು ಕಲ್ಪನೆ: ಕಣ್ಣು ಬಿಟ್ಟು ಓಡಾಡತೊಡಗಿದರೆ ಮರಿಯನ್ನು ಬೇರೆ ಮನೆಗೆ ಕೊಡಬಹುದು.

ಸತ್ಯ: ಮರಿ ಕಣ್ಣು ಬಿಡುವುದು ಎರಡು ವಾರದೊಳಗೆ, ಘನ ಆಹಾರ ನೆಕ್ಕುವುದು ನಾಲ್ಕನೇ ವಾರದ ಹೊತ್ತಿಗೆ. ಆದರೆ ಕಚ್ಚುವ ಬಲ ಎಷ್ಟಿರಬೇಕು, ಇತರ ನಾಯಿಗಳೊಂದಿಗೆ ಹೇಗಿರಬೇಕು ಎಂಬುದನ್ನು ಅದು ಕಲಿಯುವುದು ನಂತರದ ವಾರಗಳಲ್ಲಿ, ತಾಯಿ ಮತ್ತು ಒಡಹುಟ್ಟಿದವುಗಳ ನಡುವೆ. ಮೊದಲ ಲಸಿಕೆ ಬೀಳುವುದೂ ಆರರಿಂದ ಎಂಟನೇ ವಾರದಲ್ಲಿ. ಭಾರತದಲ್ಲಿ 2017ರ ಶ್ವಾನ ತಳಿವರ್ಧನೆ ಮತ್ತು ಮಾರಾಟ ನಿಯಮಗಳು ಎಂಟು ವಾರ ತುಂಬದ ಮರಿಯ ಮಾರಾಟವನ್ನು ನಿಷೇಧಿಸಿವೆ. ತಳಿ ಸಾಕಣೆದಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, 18 ತಿಂಗಳು ತುಂಬದ ಹೆಣ್ಣನ್ನು ಗಬ್ಬಕ್ಕೆ ಬಿಡಬಾರದು ಎಂಬುದೂ ಅದೇ ನಿಯಮಗಳಲ್ಲಿದೆ.