ಕಾರ್ಸಿಕಾದಲ್ಲಿ ಗ್ರೀಕರ ಊರು

ಪ್ರಶ್ನೆ: ಫ್ರಾನ್ಸಿನಲ್ಲಿ ಗ್ರೀಕರದೇ ಒಂದು ಹಳ್ಳಿ ಇದೆಯಂತೆ. ಅವರು ಅಲ್ಲಿಗೆ ಹೋದದ್ದು ಹೇಗೆ?

ಉತ್ತರ: ಇದೆ. ಕಾರ್ಸಿಕಾ ದ್ವೀಪದ ಪಶ್ಚಿಮ ಕರಾವಳಿಯ ಕಾರ್ಜೆಸ್. ಊರಿನ ಮೂಲಪುರುಷರು ದಕ್ಷಿಣ ಗ್ರೀಸಿನ ಮಾನಿ ಪ್ರಾಂತದವರು. ಒಟ್ಟೋಮನ್ ತುರ್ಕರ ಕಾಟ ಒಂದು ಕಡೆ, ತಮ್ಮತಮ್ಮಲ್ಲೇ ಮುಗಿಯದ ಕುಲವೈರ ಇನ್ನೊಂದು ಕಡೆ. 1675ರಲ್ಲಿ ನೂರಾರು ಜನ ಹಡಗು ಹತ್ತಿದರು. ಆಗ ಕಾರ್ಸಿಕಾ ಜಿನೋವಾ ಗಣರಾಜ್ಯದ ವಶದಲ್ಲಿತ್ತು. ಜಿನೋವಾ ಜಮೀನು ಕೊಟ್ಟಿತು, ಷರತ್ತನ್ನೂ ಹಾಕಿತು: ಪೂಜಾವಿಧಿ ಗ್ರೀಕರದೇ ಇರಲಿ, ಆದರೆ ಪೋಪರ ಅಧಿಕಾರ ಒಪ್ಪಬೇಕು.

1676ರಲ್ಲಿ ಅವರು ನೆಲೆಸಿದ್ದು ಪಾವೋಮಿಯಾ ಎಂಬಲ್ಲಿ. ಬೇಸಾಯ ಕೈಹಿಡಿಯಿತು, ನೆರೆಹೊರೆ ಹಿಡಿಯಲಿಲ್ಲ. ತಮ್ಮ ನೆಲ ಹೊರಗಿನವರ ಪಾಲಾದರೆ ಸ್ಥಳೀಯರು ಸುಮ್ಮನಿರುತ್ತಾರೆಯೇ? ಜಿನೋವಾ ವಿರುದ್ಧ ದಂಗೆ ಎದ್ದಾಗ ಗ್ರೀಕರು ಅನ್ನ ಕೊಟ್ಟವರ ಪರ ನಿಂತರು. ಫಲವಾಗಿ 1731ರಲ್ಲಿ ಊರು ಬಿಟ್ಟು ಅಜಾಕ್ಸಿಯೋ ಪಟ್ಟಣಕ್ಕೆ ಓಡಬೇಕಾಯಿತು. ನಾಲ್ಕು ದಶಕ ಅಲ್ಲೇ ಕಳೆಯಿತು. ದ್ವೀಪ ಫ್ರಾನ್ಸಿನ ಕೈಸೇರಿದ ಮೇಲೆ ಫ್ರೆಂಚ್ ಆಡಳಿತಗಾರ ಮಾರ್ಬೆಫ್ 1770ರ ದಶಕದಲ್ಲಿ ಅವರಿಗೆ ಕಾರ್ಜೆಸ್ ಕಟ್ಟಿಸಿಕೊಟ್ಟ. ಮುಂದೆ ಕೆಲವು ಕುಟುಂಬಗಳು ಅಲ್ಜೀರಿಯಾಕ್ಕೂ ವಲಸೆ ಹೋದವು.

ಇಂದು ಅಲ್ಲಿ ಎರಡು ಚರ್ಚುಗಳು ಎದುರುಬದುರು ನಿಂತಿವೆ: ಒಂದು ಲ್ಯಾಟಿನ್ ಪದ್ಧತಿಯದು, ಇನ್ನೊಂದು ಗ್ರೀಕ್ ಪದ್ಧತಿಯದು. ಮದುವೆ ಸಂಬಂಧಗಳಲ್ಲಿ ಹಳೆಯ ಹಗೆ ಕರಗಿತು, ಜೊತೆಗೆ ಮನೆಮಾತೂ ಕರಗಿತು. ಗ್ರೀಕ್ ಆಡುತ್ತಿದ್ದ ಕೊನೆಯ ತಲೆಮಾರು ಇಪ್ಪತ್ತನೆಯ ಶತಮಾನದಲ್ಲೇ ತೀರಿಹೋಯಿತು. ಪೂಜೆಯಲ್ಲಿ ಮಾತ್ರ ಆ ಭಾಷೆ ಇನ್ನೂ ಕೇಳಿಸುತ್ತದೆ.